ಬೆಂಗಳೂರು–ಮಂಗಳೂರು ವಿಮಾನ 306 ಕಿ.ಮೀ, ಬರೀ ಒಂದು ಗಂಟೆ: ಕುಣಿಗಲ್‌ನಿಂದ ಹೊರಟರೆ ಎಷ್ಟು ಹೊತ್ತು? ಇಲ್ಲಿದೆ ಪೂರ್ತಿ ಲೆಕ್ಕ

ಕುಣಿಗಲ್: ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಅಂತ ಮೊಬೈಲ್‌ನಲ್ಲಿ ಟಿಕೆಟ್ ನೋಡಿದವರಿಗೆಲ್ಲ ಗೊತ್ತು. ಬಸ್ಸಿನಲ್ಲಿ ಏಳು ಗಂಟೆ ಕೂರೋ ಬದಲು ಒಂದು ಗಂಟೆಯಲ್ಲಿ ಮುಗಿಯುತ್ತಲ್ಲ ಅಂತ ಟಿಕೆಟ್ ಮಾಡಿಸೋರು ತಾಲ್ಲೂಕಿನಲ್ಲೂ ಇದ್ದಾರೆ. ಆಸ್ಪತ್ರೆ, ಮದುವೆ, ಸಾವು-ನೋವು, ವ್ಯಾಪಾರ, ಗಲ್ಫ್ ಕೆಲಸ ಹೀಗೆ ಕಾರಣ ಏನೇ ಇರಲಿ, ದುಡ್ಡು ಕಟ್ಟೋ ಮುಂಚೆ ಒಂದು ಲೆಕ್ಕ ಹಾಕಿಕೊಳ್ಳೋದು ಒಳ್ಳೆಯದು. ಆ ಒಂದು ಗಂಟೆ ಶುರುವಾಗೋದು ದೇವನಹಳ್ಳಿಯಲ್ಲಿ, ಮುಗಿಯೋದು ಬಜಪೆಯಲ್ಲಿ. ಕುಣಿಗಲ್ ಬಸ್ ಸ್ಟ್ಯಾಂಡ್‌ನಿಂದ ದೇವನಹಳ್ಳಿ ಮುಟ್ಟೋ ಹೊತ್ತು ಅದರಲ್ಲಿ ಸೇರಿರಲ್ಲ.

ಎರಡು ನಿಲ್ದಾಣಗಳ ನಡುವೆ ದೂರ ಎಷ್ಟು?

ದೇವನಹಳ್ಳಿ ಹತ್ತಿರದ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಬಜಪೆಯ ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 306 ಕಿ.ಮೀ. ವಿಮಾನದವರು ದೂರ ಅಳೆಯೋದು ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ ಅಂದ್ರೆ 1.852 ಕಿ.ಮೀ. ಆ ಲೆಕ್ಕದಲ್ಲಿ ಇದು ಸುಮಾರು 165 ನಾಟಿಕಲ್ ಮೈಲಿ. ರಸ್ತೆಯಲ್ಲಾದರೆ ಬೆಂಗಳೂರು–ಮಂಗಳೂರು ಸುಮಾರು 350 ಕಿ.ಮೀ.

ಇದರಲ್ಲಿ ಕುಣಿಗಲ್‌ನವರು ಗಮನಿಸಬೇಕಾದ ವಿಷಯ ಒಂದಿದೆ. ಕುಣಿಗಲ್ ಪಟ್ಟಣದಿಂದ ದೇವನಹಳ್ಳಿ ನಿಲ್ದಾಣಕ್ಕೆ ನೇರ ಗೆರೆಯಲ್ಲಿ ಸುಮಾರು 76 ಕಿ.ಮೀ, ಪೂರ್ವಕ್ಕೆ. ಬಜಪೆಗೆ ಸುಮಾರು 232 ಕಿ.ಮೀ, ಪಶ್ಚಿಮಕ್ಕೆ. ಎರಡೂ ಕೂಡಿಸಿದರೆ 308. ಅಂದ್ರೆ ಕುಣಿಗಲ್ ಇರೋದು ಹೆಚ್ಚು ಕಡಿಮೆ ಆ ಗೆರೆಯ ಮೇಲೆಯೇ. ಮ್ಯಾಪ್ ಇಟ್ಟು ನೋಡಿದರೆ ಗೆರೆ ಪಟ್ಟಣದಿಂದ 12–13 ಕಿ.ಮೀ ಉತ್ತರಕ್ಕೆ, ಹೆಬ್ಬೂರು ಭಾಗದ ಮೇಲೆ ಹಾದು ಹೋಗುತ್ತೆ. ವಿಮಾನಗಳು ಸ್ಕೇಲ್ ಇಟ್ಟ ಹಾಗೆ ನೇರವಾಗಿ ಹಾರಲ್ಲ, ಕಂಟ್ರೋಲ್ ರೂಮ್ ಹೇಳಿದ ದಾರಿಯಲ್ಲಿ ಅತ್ತಿತ್ತ ಸರಿಯುತ್ತವೆ. ಆದರೂ ಒಟ್ಟು ದಿಕ್ಕು ಇದೇ. ಕುಣಿಗಲ್‌ನವರು ಮಂಗಳೂರಿಗೆ ವಿಮಾನದಲ್ಲಿ ಹೋಗಬೇಕು ಅಂದ್ರೆ ಮೊದಲು ನೂರು ಕಿ.ಮೀ ಹಿಂದಕ್ಕೆ ಹೋಗಿ, ವಿಮಾನ ಹತ್ತಿ, ತಿರುಗಿ ತಮ್ಮ ಸೀಮೆ ಮೇಲೆಯೇ ಹಾರಿಕೊಂಡು ಹೋಗಬೇಕು.

306 ಕಿ.ಮೀಗೆ ಒಂದು ಗಂಟೆ ಯಾಕೆ?

ಜೆಟ್ ವಿಮಾನ ಪೂರ್ತಿ ವೇಗದಲ್ಲಿ ಗಂಟೆಗೆ 800 ಕಿ.ಮೀ ಮೇಲೆ ಹೋಗುತ್ತೆ. ಆ ಲೆಕ್ಕದಲ್ಲಿ 306 ಕಿ.ಮೀಗೆ 25 ನಿಮಿಷ ಸಾಕು ಅನ್ನಿಸುತ್ತೆ. ಟಿಕೆಟ್‌ನಲ್ಲಿ ಮಾತ್ರ ಒಂದು ಗಂಟೆಯಿಂದ ಒಂದೂಕಾಲು ಗಂಟೆ ಅಂತ ಇರುತ್ತೆ. ಕಾರಣ ಹೀಗಿದೆ.

ಟಿಕೆಟ್‌ನಲ್ಲಿ ಹಾಕೋದು ಹಾರೋ ಸಮಯ ಮಾತ್ರ ಅಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಆ ಕಡೆ ನಿಲ್ದಾಣದಲ್ಲಿ ಹೋಗಿ ನಿಲ್ಲೋವರೆಗಿನ ಸಮಯ ಅದು. ಇದಕ್ಕೆ ಬ್ಲಾಕ್ ಟೈಮ್ ಅಂತಾರೆ. ದೇವನಹಳ್ಳಿಯಲ್ಲಿ ಎರಡು ರನ್‌ವೇ ಇದ್ದರೂ ವಿಮಾನಗಳ ಸಂಖ್ಯೆ ಜಾಸ್ತಿ. ನಿಂತ ಜಾಗದಿಂದ ರನ್‌ವೇವರೆಗೆ ನೆಲದ ಮೇಲೆ ಉರುಳಿಕೊಂಡು ಹೋಗಿ, ಸರದಿ ಕಾದು ಏರೋಷ್ಟರಲ್ಲಿ ಹತ್ತು-ಹದಿನೈದು ನಿಮಿಷ ಆಗುತ್ತೆ. ಇಷ್ಟು ಹತ್ತಿರದ ದಾರಿಯಲ್ಲಿ ವಿಮಾನ ಮೇಲೇರಿ ಸರಿಯಾಗಿ ವೇಗ ಹಿಡಿಯೋ ಹೊತ್ತಿಗೆ ಇಳಿಯೋಕೆ ಶುರು ಮಾಡಬೇಕು. ಹಾಗಾಗಿ ಪೂರ್ತಿ ವೇಗದಲ್ಲಿ ಓಡೋದು ಸ್ವಲ್ಪ ಹೊತ್ತು ಮಾತ್ರ. ರೆಕ್ಕೆಗೆ ಫ್ಯಾನ್ ಇರೋ ಎಟಿಆರ್ ವಿಮಾನವಾದರೆ ವೇಗ ಗಂಟೆಗೆ 500 ಕಿ.ಮೀ ಆಸುಪಾಸು, ಇನ್ನೂ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ. ಗಾಳಿ ಎದುರಿದ್ದರೆ ತಡ, ಹಿಂದಿದ್ದರೆ ಬೇಗ. ಅದಕ್ಕೇ ಹೋಗೋ ಟಿಕೆಟ್‌ಗೂ ಬರೋ ಟಿಕೆಟ್‌ಗೂ ಐದು-ಹತ್ತು ನಿಮಿಷ ವ್ಯತ್ಯಾಸ ಕಾಣುತ್ತೆ.

ಬೆಳಗ್ಗೆ 10 ಗಂಟೆ ವಿಮಾನಕ್ಕೆ ಕುಣಿಗಲ್ ಬಿಡೋದು ಎಷ್ಟೊತ್ತಿಗೆ?

ಕುಣಿಗಲ್‌ನಿಂದ ನೆಲಮಂಗಲ ಸುಮಾರು 45 ಕಿ.ಮೀ. ಅಲ್ಲಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಬಹುದು, ಇಲ್ಲವೇ ತುಮಕೂರು ರಸ್ತೆ, ಗೊರಗುಂಟೆಪಾಳ್ಯ, ಹೆಬ್ಬಾಳದ ಮೇಲೆ ಹೋಗಬಹುದು. ಎರಡೂ ಸೇರಿ ಒಟ್ಟು 100 ಕಿ.ಮೀ ಆಸುಪಾಸು. ಬೆಳಗಿನ ಜಾವ ಎರಡು ಗಂಟೆಯಲ್ಲಿ ಮುಟ್ಟಬಹುದು. ಹೊತ್ತೇರಿದ ಮೇಲೆ ಗೊರಗುಂಟೆಪಾಳ್ಯ, ಹೆಬ್ಬಾಳದ ಕಡೆ ಸಿಕ್ಕಿಹಾಕಿಕೊಂಡರೆ ಎಷ್ಟು ಹೊತ್ತು ಅಂತ ಹೇಳೋಕಾಗಲ್ಲ. ಎರಡೂವರೆ ಗಂಟೆ ಇಟ್ಟುಕೊಳ್ಳೋದು ಕ್ಷೇಮ.

10 ಗಂಟೆ ವಿಮಾನ ಅಂದ್ರೆ ಲೆಕ್ಕ ಹೀಗಾಗುತ್ತೆ:

ಬೆಳಗ್ಗೆ 5.30: ಕುಣಿಗಲ್ ಬಿಡೋದು.
8.00: ವಿಮಾನ ನಿಲ್ದಾಣ ಮುಟ್ಟೋದು. ದೇಶದೊಳಗಿನ ವಿಮಾನಕ್ಕೆ ಎರಡು ಗಂಟೆ ಮುಂಚೆ ಬನ್ನಿ ಅಂತಾರೆ.
9.00: ಬ್ಯಾಗ್ ಕೊಡೋ ಕೌಂಟರ್ ಮುಚ್ಚುತ್ತೆ. ಸಾಮಾನ್ಯವಾಗಿ 60 ನಿಮಿಷ ಮುಂಚೆಯೇ ಬಂದ್.
9.35: ವಿಮಾನ ಹತ್ತೋ ಗೇಟ್ ಮುಚ್ಚುತ್ತೆ. ಸಾಮಾನ್ಯವಾಗಿ 25 ನಿಮಿಷ ಮುಂಚೆ.
10.00: ವಿಮಾನ ಕದಲೋದು.
10.25–10.30: ವಿಮಾನ ನಮ್ಮ ಸೀಮೆಯ ಮೇಲೆ.
11.10: ಬಜಪೆಯಲ್ಲಿ ವಿಮಾನ ನಿಲ್ಲೋದು.
11.35: ಬ್ಯಾಗ್ ತಗೊಂಡು ಹೊರಗೆ.
ಮಧ್ಯಾಹ್ನ 12.15: ಮಂಗಳೂರು ಪೇಟೆ, ಹಂಪನಕಟ್ಟೆ.

ಒಟ್ಟು ಆರೂಮುಕ್ಕಾಲು ಗಂಟೆ. ಅದರಲ್ಲಿ ಆಕಾಶದಲ್ಲಿ ಇರೋದು ಮುಕ್ಕಾಲು ಗಂಟೆ ಮಾತ್ರ, ಮಿಕ್ಕ ಆರು ಗಂಟೆ ನೆಲದ ಮೇಲೆ.

ಅದೇ 5.30ಕ್ಕೆ ಕಾರಿನಲ್ಲಿ ಹೊರಟರೆ?

ರಾಷ್ಟ್ರೀಯ ಹೆದ್ದಾರಿ 75 ಕುಣಿಗಲ್‌ನಿಂದ ಯಡಿಯೂರು, ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಉಪ್ಪಿನಂಗಡಿ, ಬಿ.ಸಿ. ರೋಡ್ ಮೇಲೆ ಮಂಗಳೂರಿಗೆ ಹೋಗುತ್ತೆ. ಕುಣಿಗಲ್‌ನಿಂದ ಸುಮಾರು 280 ಕಿ.ಮೀ. ರಸ್ತೆ ಸರಿಯಿದ್ದು, ಘಾಟಿಯಲ್ಲಿ ಲಾರಿ ಸಾಲು ಸಿಗದಿದ್ದರೆ ಕಾರಿಗೆ ಆರು-ಆರೂಕಾಲು ಗಂಟೆ. ದಾರಿಯಲ್ಲಿ ತಿಂಡಿಗೆ ಅರ್ಧ ಗಂಟೆ ಸೇರಿಸಿದರೂ 12.15ರ ಹೊತ್ತಿಗೆ ಮಂಗಳೂರು. ವಿಮಾನದವರು ಮುಟ್ಟೋದೂ ಅಷ್ಟೊತ್ತಿಗೇ. ವಿಮಾನ ನಮ್ಮ ಸೀಮೆ ಮೇಲೆ ಹಾರೋ ಹೊತ್ತಿಗೆ ಕಾರಿನವರು ಶಿರಾಡಿ ಇಳಿದು ಗುಂಡ್ಯದ ಆಸುಪಾಸಿನಲ್ಲಿ ಇರ್ತಾರೆ.

ಕೆಎಸ್‌ಆರ್‌ಟಿಸಿ ಬಸ್ಸಾದರೆ ಏಳು-ಏಳೂವರೆ ಗಂಟೆ. ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗೋರಿಗೆ ಹಗಲಿನ ಕೆಲಸ ಕೆಡಲ್ಲ. ಅಂಗಡಿ ಇಟ್ಟಿರೋರಿಗೆ ಇದು ದೊಡ್ಡ ಲಾಭ. ರಾತ್ರಿ ಬಾಗಿಲು ಹಾಕಿ ಹೊರಟರೆ ಬೆಳಗ್ಗೆ ಮಂಗಳೂರು. ವಿಮಾನವಾದರೆ ಒಂದು ಹಗಲಿನ ಅರ್ಧ ವ್ಯಾಪಾರ ಹೋದ ಹಾಗೆ.

ರೈಲೂ ಇದೆ. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬೆಂಗಳೂರು–ಹಾಸನ ಮಾರ್ಗ 2017ರ ಮಾರ್ಚ್‌ನಲ್ಲಿ ಶುರುವಾಯಿತು. ಮುಂದೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ ಘಾಟಿಯಲ್ಲಿ 57 ಸುರಂಗ ಇವೆ, ರೈಲು ನಿಧಾನಕ್ಕೆ ಹೋಗಬೇಕು. ಕುಣಿಗಲ್‌ನಿಂದ ಮಂಗಳೂರಿಗೆ ಎಂಟು-ಒಂಬತ್ತು ಗಂಟೆ ಹಿಡಿಯುತ್ತೆ. ಹೊತ್ತು ಜಾಸ್ತಿ, ಖರ್ಚು ಎಲ್ಲಕ್ಕಿಂತ ಕಡಿಮೆ. ಯಾವ ರೈಲು ಕುಣಿಗಲ್‌ನಲ್ಲಿ ನಿಲ್ಲುತ್ತೆ ಅಂತ ಹೊರಡೋ ಮುಂಚೆ ವಿಚಾರಿಸಿಕೊಳ್ಳಬೇಕು.

ಧರ್ಮಸ್ಥಳ, ಕುಕ್ಕೆಗೆ ಹೋಗೋರಿಗೆ ವಿಮಾನದ ಲೆಕ್ಕ ಕೂಡೋದೇ ಇಲ್ಲ. ಎರಡೂ ಕ್ಷೇತ್ರ ಹೆದ್ದಾರಿಯಲ್ಲಿ ಮಂಗಳೂರಿಗಿಂತ ಮುಂಚೆಯೇ ಸಿಗುತ್ತವೆ. ಮಂಗಳೂರಿಗೆ ಹಾರಿದರೆ ಧರ್ಮಸ್ಥಳಕ್ಕೆ 75 ಕಿ.ಮೀ, ಕುಕ್ಕೆಗೆ ನೂರು ಕಿ.ಮೀ ಮೇಲೆ ವಾಪಸ್ ಬರಬೇಕು. ಮಣಿಪಾಲದ ಆಸ್ಪತ್ರೆಗೆ ಹೋಗೋರು ಬಜಪೆಯಿಂದ ಇನ್ನೂ 55–60 ಕಿ.ಮೀ ಲೆಕ್ಕ ಇಟ್ಟುಕೊಳ್ಳಬೇಕು.

ದೂರಕ್ಕಿಂತ ದಿಕ್ಕು ಮುಖ್ಯ

ಬೆಂಗಳೂರು–ಚೆನ್ನೈ ವಿಮಾನ ದೂರ ಸುಮಾರು 268 ಕಿ.ಮೀ. ಮಂಗಳೂರಿಗಿಂತ ಹತ್ತಿರ, ಹಾರೋಕೂ ಅದೇ ಒಂದು ಗಂಟೆ. ಆದರೆ ಕುಣಿಗಲ್‌ನಿಂದ ಚೆನ್ನೈಗೆ ರಸ್ತೆಯಲ್ಲಿ ಹೋದರೆ ಬೆಂಗಳೂರು ದಾಟಿಯೇ ಹೋಗಬೇಕು, ಸುಮಾರು 415 ಕಿ.ಮೀ, ಎಂಟು ಗಂಟೆ. ದೇವನಹಳ್ಳಿಗೆ ಹೋಗೋ ದಾರಿ ಇಲ್ಲಿ ಹಿಂದಕ್ಕೆ ಹೋದ ಹಾಗಲ್ಲ, ಮುಂದಕ್ಕೇ ಹೋದ ಹಾಗೆ. ವಿಮಾನದಲ್ಲಿ ಮನೆಯಿಂದ ಚೆನ್ನೈ ಪೇಟೆವರೆಗೆ ಆರೂವರೆ ಗಂಟೆ ಆಸುಪಾಸು. ಗಂಟೆ-ಒಂದೂವರೆ ಗಂಟೆ ಉಳಿಯುತ್ತೆ.

ಹುಬ್ಬಳ್ಳಿ ಕಥೆ ಮಂಗಳೂರಿನ ಹಾಗೇ. ವಿಮಾನ ದೂರ ಸುಮಾರು 370 ಕಿ.ಮೀ. ಕುಣಿಗಲ್‌ನಿಂದ ತುಮಕೂರು ಮೇಲೆ ಹೆದ್ದಾರಿ 48 ಹಿಡಿದರೆ ಹುಬ್ಬಳ್ಳಿಗೂ ಹೆಚ್ಚು ಕಡಿಮೆ ಅಷ್ಟೇ ದೂರ, ಕಾರಿಗೆ ಆರು-ಆರೂವರೆ ಗಂಟೆ. ದೇವನಹಳ್ಳಿಗೆ ಹೋಗಿ ಹತ್ತಿದರೆ ಏನೂ ಉಳಿಯಲ್ಲ.

ದೂರದ ಊರಾದರೆ ಲೆಕ್ಕ ತಿರುಗುತ್ತೆ. ಬೆಂಗಳೂರು–ಮುಂಬೈ ಸುಮಾರು 833 ಕಿ.ಮೀ, ವಿಮಾನಕ್ಕೆ ಒಂದೂಮುಕ್ಕಾಲಿನಿಂದ ಎರಡು ಗಂಟೆ. ಕುಣಿಗಲ್ ಮನೆಯಿಂದ ಮುಂಬೈ ನಿಲ್ದಾಣದ ಹೊರಗೆ ಬರೋಕೆ ಏಳು ಗಂಟೆ ಸಾಕು. ಮಂಗಳೂರು ಪೇಟೆಗೆ ಹಿಡಿಯೋ ಹೊತ್ತಿಗೂ ಇದಕ್ಕೂ ಅಂಥ ವ್ಯತ್ಯಾಸವೇ ಇಲ್ಲ. ರಸ್ತೆಯಲ್ಲಾದರೆ ಮುಂಬೈಗೆ ಒಂದು ಹಗಲು ಒಂದು ರಾತ್ರಿ. ಬೆಂಗಳೂರು–ದೆಹಲಿ ಸುಮಾರು 1,700 ಕಿ.ಮೀ, ವಿಮಾನಕ್ಕೆ ಎರಡೂಮುಕ್ಕಾಲು ಗಂಟೆ. ಮನೆಯಿಂದ ಎಂಟು ಗಂಟೆಯೊಳಗೆ ದೆಹಲಿ.

ಸುಲಭ ಸೂತ್ರ ಇಷ್ಟೇ. ಕುಣಿಗಲ್‌ನಿಂದ ನಿಲ್ದಾಣಕ್ಕೆ ಎರಡೂವರೆ ಗಂಟೆ, ಕಾಯೋದು ಎರಡು ಗಂಟೆ, ಇಳಿದು ಹೊರಗೆ ಬರೋಕೆ ಅರ್ಧ ಗಂಟೆ. ಈ ಐದು ಗಂಟೆ ಎಲ್ಲಿಗೆ ಹೋದರೂ ತಪ್ಪಲ್ಲ. ಇದಕ್ಕೆ ಟಿಕೆಟ್‌ನಲ್ಲಿರೋ ಸಮಯ ಕೂಡಿಸಿ, ಆ ಊರಿನ ಟ್ಯಾಕ್ಸಿ ಹೊತ್ತು ಸೇರಿಸಿ. ಬಂದ ಮೊತ್ತ ರಸ್ತೆ ಪ್ರಯಾಣಕ್ಕಿಂತ ಎರಡು-ಮೂರು ಗಂಟೆಯಾದರೂ ಕಡಿಮೆ ಇದ್ದರೆ ಮಾತ್ರ ವಿಮಾನ. ಪಶ್ಚಿಮ ಮತ್ತು ಉತ್ತರ ದಿಕ್ಕಿಗೆ 400 ಕಿ.ಮೀ ಒಳಗಿನ ಊರಿಗೆ ಸಾಮಾನ್ಯವಾಗಿ ರಸ್ತೆಯೇ ಸರಿ.

ತುಮಕೂರು, ಗುಬ್ಬಿಯವರಿಗೆ ಸ್ವಲ್ಪ ಹತ್ತಿರ. ತುಮಕೂರಿನಿಂದ ದಾಬಸ್‌ಪೇಟೆಗೆ ಬಂದು, ಅಲ್ಲಿಂದ ದೊಡ್ಡಬಳ್ಳಾಪುರ–ದೇವನಹಳ್ಳಿ ಕಡೆ ಹೋಗೋ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಹಿಡಿದರೆ ಬೆಂಗಳೂರಿನ ಟ್ರಾಫಿಕ್ ಮುಟ್ಟೋದೇ ಬೇಡ. ಗುಬ್ಬಿಯವರು ಇದಕ್ಕೆ ಇನ್ನೊಂದು 20 ಕಿ.ಮೀ ಸೇರಿಸಬೇಕು. ಕುಣಿಗಲ್‌ನವರು ತುಮಕೂರಿಗೆ ಹೋಗಿ ಈ ದಾರಿ ಹಿಡಿದರೆ ಸುತ್ತು ಜಾಸ್ತಿ, ಲಾಭ ಇಲ್ಲ.

ಸ್ವಂತ ಗಾಡಿ ಇಲ್ಲದವರು

ಕುಣಿಗಲ್‌ನಿಂದ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಬಿಎಂಟಿಸಿಯ ವಾಯು ವಜ್ರ ಹತ್ತೋದು ಹಳೆಯ ದಾರಿ. 2024ರ ನವೆಂಬರ್‌ನಿಂದ ಮೆಟ್ರೋ ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಬಸ್ಸಿನಲ್ಲಿ ಮಾದಾವರದವರೆಗೆ ಹೋಗಿ ಅಲ್ಲಿ ಮೆಟ್ರೋ ಹಿಡಿದರೆ ಪೀಣ್ಯ, ಗೊರಗುಂಟೆಪಾಳ್ಯದ ಟ್ರಾಫಿಕ್ ತಪ್ಪುತ್ತೆ. ಮೆಜೆಸ್ಟಿಕ್‌ನಿಂದ ಮುಂದೆ ವಾಯು ವಜ್ರವೇ ಗತಿ. ಈ ದಾರಿಗೆ ಮೂರೂವರೆ ಗಂಟೆ ಇಟ್ಟುಕೊಂಡು ಹೊರಡಬೇಕು. ಬೆಳಗ್ಗೆ ಆರು-ಏಳು ಗಂಟೆ ವಿಮಾನಕ್ಕೆ ಇದು ಆಗಿಬರಲ್ಲ, ಹಿಂದಿನ ರಾತ್ರಿಯೇ ಹೋಗಬೇಕು.

ಮಳೆ, ಮಂಜು ಬಂದರೆ?

ಮಂಗಳೂರು ನಿಲ್ದಾಣ ಹಳೆಯದು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಉದ್ಘಾಟಿಸಿದ್ದು. ರನ್‌ವೇ ಗುಡ್ಡದ ತುದಿಯನ್ನು ಮೇಜಿನ ಹಾಗೆ ಮಟ್ಟ ಮಾಡಿದ ಜಾಗದಲ್ಲಿದೆ, ಉದ್ದ 2,450 ಮೀಟರ್, ಆಚೀಚೆ ಕಣಿವೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಇಲ್ಲಿ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಮಳೆಗಾಲದಲ್ಲಿ ರನ್‌ವೇ ಸರಿಯಾಗಿ ಕಾಣದಿದ್ದರೆ ಪೈಲಟ್‌ಗಳು ಇಳಿಸಲ್ಲ, ಮೇಲೆಯೇ ಸುತ್ತು ಹೊಡೆದು ನೋಡಿ ಬೆಂಗಳೂರಿಗೋ ಬೇರೆ ನಿಲ್ದಾಣಕ್ಕೋ ತಿರುಗಿಸ್ತಾರೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಮಂಜು ಕವಿದು ವಿಮಾನಗಳು ತಡವಾಗೋದೂ ಇದ್ದದ್ದೇ.

ರಸ್ತೆಗೂ ಮಳೆಗಾಲ ಸುಲಭ ಅಲ್ಲ. ಶಿರಾಡಿ ಘಾಟಿ, ಸಕಲೇಶಪುರ ಹತ್ತಿರದ ದೋಣಿಗಾಲ್ ಕಡೆ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಗುತ್ತೆ. 2024ರ ಜುಲೈನಲ್ಲೂ ಆಗಿತ್ತು. ಆಗ ಚಾರ್ಮಾಡಿ ಇಲ್ಲವೇ ಮಡಿಕೇರಿ–ಸಂಪಾಜೆ ಮೇಲೆ ಸುತ್ತಬೇಕು. ಶಿರಾಡಿ ಬಂದ್ ಆಗಿ, ಮಂಗಳೂರಿನಲ್ಲಿ ಆಸ್ಪತ್ರೆಯಂಥ ತುರ್ತು ಇದ್ದಾಗ ವಿಮಾನಕ್ಕೆ ಕೊಟ್ಟ ದುಡ್ಡು ವ್ಯರ್ಥ ಆಗಲ್ಲ. ದೆಹಲಿ, ಮುಂಬೈನಿಂದ ಬೆಂಗಳೂರು ಮೇಲೆ ಒಂದೇ ಟಿಕೆಟ್‌ನಲ್ಲಿ ಮಂಗಳೂರಿಗೆ ಹೋಗೋರಿಗೂ ವಿಮಾನವೇ ಸರಿ.

ವಿಮಾನ ತಡವಾದರೆ ಪ್ರಯಾಣಿಕರಿಗೂ ಹಕ್ಕು ಇದೆ. ಡಿಜಿಸಿಎ ನಿಯಮದ ಪ್ರಕಾರ ಎರಡೂವರೆ ಗಂಟೆವರೆಗಿನ ಪ್ರಯಾಣದ ವಿಮಾನ ಎರಡು ಗಂಟೆಗಿಂತ ಹೆಚ್ಚು ತಡವಾದರೆ ಕಾಯೋರಿಗೆ ತಿಂಡಿ-ಊಟ ಕೊಡಬೇಕು. ಆರು ಗಂಟೆ ಮೀರಿದರೆ ಬೇರೆ ವಿಮಾನ ಇಲ್ಲವೇ ಟಿಕೆಟ್ ದುಡ್ಡು ವಾಪಸ್. ಮುಂಚಿತವಾಗಿ ಹೇಳದೆ ರದ್ದು ಮಾಡಿದರೆ ಪರಿಹಾರವೂ ಉಂಟು. ಆದರೆ ಹವಾಮಾನದ ಕಾರಣಕ್ಕೆ ರದ್ದಾದರೆ ಪರಿಹಾರ ಸಿಗಲ್ಲ. ನೆಲಮಂಗಲದಲ್ಲಿ ಜಾಮ್ ಆಗಿ ನೀವೇ ತಡವಾಗಿ ಹೋದರೆ ಯಾರೂ ಏನೂ ಕೊಡಲ್ಲ, ಟಿಕೆಟ್ ಹೋದ ಹಾಗೇ.

ಗಲ್ಫ್‌ಗೆ ಹೋಗೋರ ಲೆಕ್ಕ

ಬೆಂಗಳೂರಿನಿಂದ ದುಬೈಗೆ ಸುಮಾರು 2,700 ಕಿ.ಮೀ, ಮಂಗಳೂರಿನಿಂದ 2,450 ಕಿ.ಮೀ ಆಸುಪಾಸು. ಮಂಗಳೂರಿನಿಂದ ಹಾರೋ ಹೊತ್ತು ಕಾಲು ಗಂಟೆ-ಇಪ್ಪತ್ತು ನಿಮಿಷ ಕಡಿಮೆ. ಅಷ್ಟಕ್ಕೋಸ್ಕರ ಕುಣಿಗಲ್‌ನಿಂದ 280 ಕಿ.ಮೀ ಹೋಗೋದರಲ್ಲಿ ಅರ್ಥ ಇಲ್ಲ. ಟಿಕೆಟ್ ದರದಲ್ಲಿ ದೊಡ್ಡ ವ್ಯತ್ಯಾಸ ಇದ್ದರೆ ಮಾತ್ರ ಯೋಚಿಸಬಹುದು.

ಟಿಕೆಟ್‌ನಲ್ಲಿರೋ ಸಮಯ ಆಯಾ ಊರಿನ ಗಡಿಯಾರದ ಪ್ರಕಾರ ಇರುತ್ತೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. 10ಕ್ಕೆ ಬಿಟ್ಟು 12.30ಕ್ಕೆ ಮುಟ್ಟುತ್ತೆ ಅಂತ ಇದ್ದರೆ ಎರಡೂವರೆ ಗಂಟೆ ಅಂದುಕೊಳ್ಳಬಾರದು, ನಿಜವಾದ ಪ್ರಯಾಣ ನಾಲ್ಕು ಗಂಟೆ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿ ಇರಬೇಕು. ದೇವನಹಳ್ಳಿಯಲ್ಲಿ ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಹೋಗಿವೆ. ದೇಶದೊಳಗಿನ ವಿಮಾನ ಟರ್ಮಿನಲ್ 1ರಿಂದಲೋ 2ರಿಂದಲೋ ಅಂತ ಟಿಕೆಟ್‌ನಲ್ಲಿ ನೋಡಿಕೊಂಡೇ ಟ್ಯಾಕ್ಸಿಯವರಿಗೆ ಹೇಳಬೇಕು.

ಕೊಬ್ಬರಿ ಒಯ್ಯೋ ಹಾಗಿಲ್ಲ

ನಮ್ಮ ಜಿಲ್ಲೆಯವರು ನೆಂಟರಿಗೆ ಒಯ್ಯೋದೇ ಕೊಬ್ಬರಿ. ವಿಮಾನದಲ್ಲಿ ಒಣ ಕೊಬ್ಬರಿಗೆ ಅವಕಾಶ ಇಲ್ಲ, ಕೈಚೀಲದಲ್ಲೂ ಇಲ್ಲ, ಒಳಗೆ ಹಾಕೋ ಬ್ಯಾಗ್‌ನಲ್ಲೂ ಇಲ್ಲ. ಎಣ್ಣೆ ಅಂಶ ಜಾಸ್ತಿ ಇರೋದರಿಂದ ಕಾವೇರಿ ಬೆಂಕಿ ಹತ್ತೋ ಪದಾರ್ಥ ಅಂತ ನಿಷೇಧಿತ ಪಟ್ಟಿಯಲ್ಲಿ ಇಟ್ಟಿದ್ದಾರೆ. ಹಸಿ ತೆಂಗಿನಕಾಯಿ ವಿಷಯ ಆಯಾ ಕಂಪನಿಯವರನ್ನೇ ಕೇಳಬೇಕು. ತುಪ್ಪ, ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತಡೆಯೋ ಸಾಧ್ಯತೆ ಇದೆ.

ನೆಲಮಂಗಲ–ಕುಣಿಗಲ್ ರಸ್ತೆಗೆ ಏರ್‌ಪೋರ್ಟ್ ಬಂದರೆ?

ಕುಣಿಗಲ್‌ನವರ ಹೊತ್ತು ಉಳಿಯೋದು ವಿಮಾನದ ವೇಗ ಹೆಚ್ಚಿದರೆ ಅಲ್ಲ, ನಿಲ್ದಾಣ ಹತ್ತಿರ ಬಂದರೆ. ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಗುರುತಿಸಿದ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯವು, ಒಂದು ನೆಲಮಂಗಲ–ಕುಣಿಗಲ್ ರಸ್ತೆಯದು. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರನ್ನೂ ನೋಡಿಕೊಂಡು ಹೋಯಿತು. ಈ ಕಡೆ ಬಂದರೆ ನಿಲ್ದಾಣದ ದಾರಿ ಎರಡೂವರೆ ಗಂಟೆಯಿಂದ ಮುಕ್ಕಾಲು ಗಂಟೆ ಆಸುಪಾಸಿಗೆ ಇಳಿಯಬಹುದು. ಆಗ ಮಂಗಳೂರು, ಹುಬ್ಬಳ್ಳಿ ಲೆಕ್ಕವೂ ಬದಲಾಗುತ್ತೆ.

ಆದರೆ ಜಾಗ ನೋಡಿ ಹೋದರು ಅಂದ್ರೆ ಮಂಜೂರಾಯಿತು ಅಂತಲ್ಲ. ದೇವನಹಳ್ಳಿ ನಿಲ್ದಾಣ ಶುರುವಾಗಿದ್ದು 2008ರ ಮೇ 24ರಂದು. ಅದರ ಒಪ್ಪಂದದ ಪ್ರಕಾರ 25 ವರ್ಷ, ಅಂದ್ರೆ 2033ರವರೆಗೆ, 150 ಕಿ.ಮೀ ಒಳಗೆ ಮೈಸೂರು, ಹಾಸನ ಬಿಟ್ಟು ಇನ್ನೊಂದು ನಿಲ್ದಾಣ ನಡೆಸೋ ಹಾಗಿಲ್ಲ. ಈಗಲೇ ಏರ್‌ಪೋರ್ಟ್ ಹೆಸರು ಹೇಳಿಕೊಂಡು ಜಮೀನು, ಸೈಟು ಮಾರೋಕೆ ಬರೋರ ಮಾತಿಗೆ ಅಡ್ವಾನ್ಸ್ ಕೊಡೋ ಮುಂಚೆ ಸರ್ವೆ ನಂಬರ್ ಸಮೇತ ಸರ್ಕಾರದ ಅಧಿಸೂಚನೆ ತೋರಿಸಿ ಅಂತ ಕೇಳಬೇಕು.

ಹೊರಡೋ ಹಿಂದಿನ ದಿನ ನೋಡಿಕೊಳ್ಳಬೇಕಾದ್ದು

ಟಿಕೆಟ್‌ನಲ್ಲಿರೋ ಹೆಸರು, ಆಧಾರ್ ಅಥವಾ ವೋಟರ್ ಕಾರ್ಡಿನ ಹೆಸರು ಒಂದೇ ಇರಬೇಕು.
ವೆಬ್ ಚೆಕ್-ಇನ್ ಮನೆಯಲ್ಲೇ ಮಾಡಿಕೊಂಡರೆ ಕೌಂಟರ್ ಸಾಲು ಕಡಿಮೆ.
ಎಷ್ಟು ಕೆ.ಜಿ ಬ್ಯಾಗ್ ಒಯ್ಯಬಹುದು ಅಂತ ಟಿಕೆಟ್‌ನಲ್ಲಿ ಬರೆದಿರುತ್ತೆ. ಮೀರಿದರೆ ಕೌಂಟರ್‌ನಲ್ಲಿ ಕಟ್ಟೋ ದುಡ್ಡು ಜಾಸ್ತಿ.
ಟಿಕೆಟ್ ದರಕ್ಕೆ ಎರಡೂ ಕಡೆ ಟ್ಯಾಕ್ಸಿ, ಟೋಲ್ ಸೇರಿಸಿ ಒಟ್ಟು ಖರ್ಚು ಲೆಕ್ಕ ಹಾಕಿ. ನಾಲ್ಕು ಜನ ಹೋಗೋದಾದರೆ ಮಂಗಳೂರಿಗೆ ಒಂದು ಕಾರು ಸಾಕು, ವಿಮಾನಕ್ಕೆ ನಾಲ್ಕು ಟಿಕೆಟ್ ಬೇಕು.
ಮಳೆಗಾಲದಲ್ಲಿ ಹೊರಡೋ ಮುಂಚೆ ವಿಮಾನದ ಸ್ಥಿತಿಯನ್ನೂ ಶಿರಾಡಿ ರಸ್ತೆಯ ಸ್ಥಿತಿಯನ್ನೂ ಎರಡನ್ನೂ ವಿಚಾರಿಸಿ, ಆಮೇಲೆ ಯಾವುದು ಅಂತ ತೀರ್ಮಾನ ಮಾಡಿ.